ಒಂದಾದರೂ ಒಣಗಿರಲಿ

ಕಿನ್‌ಲಾಕ್‌ಲೆವೆನ್‌ನ ಬಂಕ್‌ಹೌಸಿನಲ್ಲಿ
ಒದ್ದೆ ಕಾಲುಚೀಲಗಳ ತೋರಣದ ಕೆಳಗೆ
ನನ್ನ ಗಂಟುಮೂಟೆಯನ್ನೆಲ್ಲ ನೆಲಕ್ಕೆ ಸುರಿಸಿದಳು ಇಶ್ಬೆಲ್.
ಸುಂಕದವನ ಹಾಗೆ ಒಂದೊಂದನ್ನೇ ಎತ್ತಿ ನೋಡಿ
ಮಲಗುಚೀಲದ ಬಳಿ ನಿಂತಳು.

"ಇದನ್ನು ಮಡಿಸಿದ್ದೀಯಲ್ಲ!"
ಹೌದು. ಅಂಚಿಗೆ ಅಂಚು ಕೂಡಿಸಿ, ಮದುವೆ ಸೀರೆಯ ಹಾಗೆ.
"ಮಡಿಸಬಾರದು. ತುರುಕಬೇಕು.
ದಿನಾ ಅದೇ ಗೆರೆಗೆ ಮಡಿಸಿದರೆ
ಪುಕ್ಕ ಅಲ್ಲೇ ಸೋತು ಕೂರುತ್ತದೆ."

ಬಾತುಕೋಳಿಯ ಎದೆಯ ಪುಕ್ಕ. ಎಂಟುನೂರು ಗ್ರಾಂ.
ಸೋದರತ್ತೆ ಹೊಲಿದ ಕೌದಿ
ಒಬ್ಬಳೇ ಎತ್ತಲಾಗದಷ್ಟು ಭಾರ;
ನೆನೆದರೆ ಇನ್ನಷ್ಟು ಭಾರದ ಕೌದಿ, ಅಷ್ಟೆ.
ಇದು ನೆನೆದರೆ ಏನೂ ಅಲ್ಲ:
ಮುದ್ದೆಗಟ್ಟಿ ಮೂಲೆಗೆ ಸರಿದು
ಎರಡು ಬಟ್ಟೆಯ ನಡುವೆ ಬರೀ ಚಳಿ.

"ಅಂಗಡಿಯವನು ಹೇಳಿದ, ಈ ಚೀಲದೊಳಗೆ ನೀರಿಳಿಯೋದಿಲ್ಲ ಅಂತ."
ಇಶ್ಬೆಲ್ ನಕ್ಕಳು. "ಮೂವತ್ತು ವರ್ಷದಲ್ಲಿ
ನೆನೆಯದೆ ಉಳಿದದ್ದು ನಾನು ಕಂಡದ್ದು
ಚೀಲದ ಮೇಲೆ ಹಾಗಂತ ಬರೆದ ಅಕ್ಷರ ಮಾತ್ರ."

ಸಿಂಕಿನ ಕೆಳಗಿಂದ ತೆಗೆದಳು
ಗಾರೆಯವರು ಒಡೆದ ಇಟ್ಟಿಗೆ ತುಂಬುವ ದಪ್ಪ ಪ್ಲಾಸ್ಟಿಕ್ ಚೀಲ.
ಊದಿ, ಬಾಯಿ ಹಿಸುಕಿ,
ಕೆನ್ನೆಗೆ ಸವರಿಕೊಂಡು ತೂತು ಹುಡುಕಿದಳು.
ಆಮೇಲೆ ನನ್ನ ಕೈಯಿಂದಲೇ ತುರುಕಿಸಿದಳು,
ಕಾಲಿನ ತುದಿ ಮೊದಲು, ಮುಷ್ಟಿ ಮುಷ್ಟಿಯಾಗಿ,
ಡಬ್ಬಿಗೆ ಜೋಳದ ಹಿಟ್ಟು ಒತ್ತುವ ಹಾಗೆ.
ಮೊಣಕಾಲೂರಿ ಗಾಳಿ ಬಿಡಿಸಿ
ಕತ್ತು ಹಿಡಿದು ತಿರುಚಿ
ತಿರುಚಿದ್ದನ್ನು ಬಗ್ಗಿಸಿ ಬದಿಗೆ ತೂರಿಸಿ...
"ಗಂಟು ಬೇಡ. ಕತ್ತಲಲ್ಲಿ
ಮರಗಟ್ಟಿದ ಬೆರಳಿಗೆ ಗಂಟು ಬಿಚ್ಚಲು ಬರೋದಿಲ್ಲ.
ಟೆಂಟು ನೆನೆಯಲಿ, ಬೂಟು ನೆನೆಯಲಿ,
ಬಿಸ್ಕತ್ತು, ನಕ್ಷೆ, ನೀನು, ಎಲ್ಲ ನೆನೆಯಲಿ.
ಇದೊಂದು ಒಣಗಿರಲಿ. ಒಂದು ಸಲ ಡೂಗಲ್..."
"ಆ ಕತೆ ಬೇಡ," ಅಂದ
ಮೂಲೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ ಡೂಗಲ್.

ಮರುರಾತ್ರಿ ಐಲ್ಡೆ ಸರೋವರದ ದಂಡೆಯಲ್ಲಿ
ಮಳೆ ಅಡ್ಡಡ್ಡ ಬರುತ್ತಿತ್ತು.
ತಿರುಚಿದ ಕತ್ತು ಮುಟ್ಟಿದ್ದೇ ಬಿಚ್ಚಿಕೊಂಡಿತು.
ಮೊದಲು ಏನೂ ಆಗಲಿಲ್ಲ; ಸುಕ್ಕುಗಟ್ಟಿದ ಕೋಸುಗಡ್ಡೆ.
ಆಮೇಲೆ ಕೊಂಚ ಕೊಂಚ ಉಸಿರೆಳೆದು
ಹೊಲಿಗೆ ಹೊಲಿಗೆಯ ನಡುವೆ ಪೂರಿಯಂತೆ ಉಬ್ಬಿತು.
ಹೊಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಕಾಲಿನ ಕಡೆ ಕಿರಿದಾಗುವ ಈ ಹಾಸಿಗೆ ಕಂಡವರಲ್ಲ:
ಚಾಚುವುದು ಹಾಗಿರಲಿ, ಹೆಬ್ಬೆರಳು ಹೊರಳಿಸಲೂ ಜಾಗವಿಲ್ಲ.
ಆದರೂ ಬೆಚ್ಚಗೆ. ಎಷ್ಟು ಬೆಚ್ಚಗೆಂದರೆ
ಮೂಗನ್ನೂ ಒಳಗೆಳೆದುಕೊಂಡು ನಿದ್ದೆಹೋದೆ.

ಬೆಳಗ್ಗೆ, ಕೊರಳ ಹತ್ತಿರ, ಅಂಗೈಯಗಲ ತೇವ.
ಟೆಂಟು ಸೋರಿಲ್ಲ. ತಳ ಒಣಗಿದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ.
ಮುಟ್ಟಿದೆ, ಆಮೇಲೆ ಮೂಸಿ ನೋಡಿದೆ:
ರಾತ್ರಿಯ ಬೆಳ್ಳುಳ್ಳಿ ಚಟ್ನಿಪುಡಿ.
ನನ್ನದೇ ಉಸಿರು.

ಅದನ್ನು ಯಾವ ಚೀಲದಲ್ಲಿ ಕಟ್ಟಬೇಕೋ
ಇಶ್ಬೆಲ್ ಹೇಳಿಕೊಟ್ಟಿರಲಿಲ್ಲ.
ಹತ್ತು ನಿಮಿಷ ಬಿಸಿಲು ಬಂತು.
ಒಳಮಗ್ಗುಲು ಹೊರಗೆ ತಿರುವಿ ಬಂಡೆಯ ಮೇಲೆ ಹರಡಿ,
ಗಾಳಿ ಒಯ್ಯದಂತೆ ಎರಡೂ ಬೂಟು ಹೇರಿ,
ಬರಿಗಾಲಲ್ಲಿ ಕಾವಲು ಕೂತೆ.