ಕೊನೆಯ ಮಾತಿನ ಟೈಪಿಸ್ಟು

ಕೆಂಪಿಟ್ಟಿಗೆ ಗೋಡೆಯ ಆಚೆ ಅವನು,
ಈಚೆ ನಾನು, ನಡುವೆ ಒಂದು ತಂತಿ.
ಮೇಜಿನ ಮೇಲೆ ಸ್ಪೀಕರು, ಆರಿದ ಕಾಫಿ,
ಹಲ್ಲು ಬಿದ್ದ ಮೊಮ್ಮಗನ ಫೋಟೊ.
ಸಂಜೆ ಆರಾದರೂ ಇಳಿಯದ ಟೆಕ್ಸಸ್ಸಿನ ಸೆಕೆ.
ಏನಾದರೂ ಹೇಳುವುದಿದೆಯೇ? ವಾರ್ಡನ್ ಕೇಳುತ್ತಾನೆ.
ನಾನು ಬೆರಳು ಸಡಿಲಿಸಿಕೊಳ್ಳುತ್ತೇನೆ.

ಹತ್ತೊಂಬತ್ತು ವರ್ಷ ಇದೇ ಕಸುಬು.
ವರ್ನಾ ಟಿಡ್ವೆಲ್, ಕಚೇರಿ ಸಹಾಯಕಿ, ದರ್ಜೆ ಮೂರು.
ಸೇರಿದ ದಿನ ಹೇಳಿಕೊಟ್ಟದ್ದು ಇಷ್ಟೇ:
ಬೈಗುಳ ಬಂದರೆ ಚುಕ್ಕಿ ಇಡು.
ಬೇರೆ ಭಾಷೆ ಬಂದರೆ ಬೇರೆ ಭಾಷೆ ಎಂದು ಬರೆ.
ಅತ್ತರೆ ಅದು ಮಾತಲ್ಲ, ಬಿಡು.
ಕಾಗುಣಿತ ಮಾತ್ರ ತಪ್ಪಬೇಡ.

ಒಬ್ಬ ಅವ್ವನನ್ನು ಕರೆದ. ಒಬ್ಬ ಯೇಸುವನ್ನು.
ಒಬ್ಬ ತನ್ನ ಊರಿನ ಫುಟ್‌ಬಾಲ್ ತಂಡದ ಹೆಸರೆತ್ತಿ
ಈ ಸಲವಾದರೂ ಗೆಲ್ರೋ ಅಂದ.
ಇನ್ನೊಬ್ಬ, ನಾನಲ್ಲ ನಾನಲ್ಲ ನಾನಲ್ಲ ಎಂದು
ಅದೆಷ್ಟು ಸಲ ಅಂದನೋ,
ಒಂದು ಕಡಿಮೆ ಹೊಡೆದೆನೇನೋ ಎಂದು
ನಡುರಾತ್ರಿ ಎದ್ದು ಕೂತಿದ್ದೆ.

ಎಲ್ರಾಯ್ ಸ್ಪೈವಿಯ ಸಂಜೆ ಮಾತ್ರ ಬೇರೆ.
ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಕೂತಿದ್ದ ಹುಡುಗಿ,
ಮಾರಿಸೆಲಾ ಬರ್ರೆರಾ, ಹತ್ತೊಂಬತ್ತು,
ಎಪ್ಪತ್ತನಾಲ್ಕು ಡಾಲರಿಗೆ ಅವಳನ್ನು ಕೊಂದವನು.
ಅವನಿಗಾಗಿ ನಾನು ಅತ್ತಿಲ್ಲ. ಇವತ್ತೂ ಅಳುವುದಿಲ್ಲ.
ಕ್ಷಮೆ ಕೇಳುತ್ತಾನೆ ಅಂದುಕೊಂಡೆ,
ಆ ಪದ ನನ್ನ ಬೆರಳಿಗೆ ಬಾಯಿಪಾಠ.
ಅವನು ಕೆಮ್ಮಿದ. ಆಮೇಲೆ ಅಂದ:

ಅವತ್ತು ಅವಳೂ ಏನೋ ಹೇಳುತ್ತಿದ್ದಳು.
ಕೈ ಮೇಲಿತ್ತು, ಕೈಯಲ್ಲಿ ಚಿಲ್ಲರೆ ಇತ್ತು,
ತುಟಿ ಆಡುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.
ಹದಿನಾಲ್ಕು ವರ್ಷದಿಂದ ಕಿವಿ ಕೊಟ್ಟು ಕೂತಿದ್ದೇನೆ ಸಾರ್,
ಮೊದಲಕ್ಷರ ಮ ಅಂತ ಈಗೀಗ ಅನ್ನಿಸುತ್ತದೆ,
ಮ, ಮ ಆದ ಮೇಲೆ

ತಂತಿಯಲ್ಲಿ ಗೊರಗೊರ.
ಅವನು ಯೋಚಿಸುತ್ತಿದ್ದನೋ,
ಮುಗಿಯಿತೆಂದು ವಾರ್ಡನ್ ಕನ್ನಡಕ ತೆಗೆದನೋ,
ಗೋಡೆ ಈಚೆಗೆ ಹೇಗೆ ಗೊತ್ತಾಗಬೇಕು.
ಸೂಜಿ ಮೊದಲೇ ತೋಳಿನಲ್ಲಿತ್ತು.
ಕಾದೆ. ಕಾಫಿಯ ಮೇಲೆ ಕೆನೆ ಕಟ್ಟಿತ್ತು.
ಆಮೇಲೆ ಪೂರ್ಣವಿರಾಮ ಒತ್ತಿದೆ.
ಇಟ್ಟದ್ದು ನಾನೇ. ಹೇಳಿದವರಿಲ್ಲ.

ಮಾರನೆಯ ದಿನ ಎಂಟಕ್ಕೆ ಮುಂಚೆಯೇ
ಕಿಟಕಿಯಲ್ಲಿ ಎಲಿಸಿಯೊ ಬರ್ರೆರಾ, ಹ್ಯಾಟು ಕೈಯಲ್ಲಿ.
ಈ ದಿನಕ್ಕೇ ಹದಿನಾಲ್ಕು ವರ್ಷ ಕಾದಿದ್ದವನು
ಬಂದೂ ಒಳಗೆ ಕಾಲಿಡಲಾರದೆ,
ಎದುರಿನ ಪಾರ್ಕಿಂಗಿನಲ್ಲಿ, ಪಿಕಪ್ಪಿನಲ್ಲಿ,
ಎಂಜಿನ್ ಆರಿಸದೆ ಕೂತಿದ್ದನಂತೆ.
ಪ್ರತಿ ಕೊಟ್ಟೆ. ಬೆರಳಿಟ್ಟು ಓದಿದ.
ಬೆರಳು ಆ ಚುಕ್ಕಿಯ ಮೇಲೆ ನಿಂತಿತು.

ಇಲ್ಲಿ ನಿಲ್ಲಿಸಿದನಾ?
ನಿಲ್ಲಿಸಿದರಾ?

ಗೊತ್ತಿಲ್ಲ ಅಂದೆ. ಗೊತ್ತಿಲ್ಲದ್ದು ನಿಜ.
ಮನೆಯಲ್ಲಿ ಅವಳ ತಂಗಿಯನ್ನು ಮೀಮೀ ಅಂತೇವೆ, ಅಂದ.
ಅಮ್ಮನನ್ನು ಮಾಮಿ ಅಂತಿದ್ದಳು. ಅಥವಾ ಬರೀ
ಮಿಸ್ಟರ್ ಅಂತ ಶುರು ಮಾಡಿದ್ದಳೋ, ಕೊಲ್ಲಬೇಡಿ ಅನ್ನಲು.
ಸಾಯಲಿ ಅಂತ ನಾನೇ ಮೇಣದಬತ್ತಿ ಹಚ್ಚಿದೆನಮ್ಮಾ,
ಪ್ರತಿ ಭಾನುವಾರ. ಸತ್ತ.
ಇನ್ನೊಂದು ವರ್ಷ ಇದ್ದಿದ್ದರೆ
ಅವನಿಗೆ ನೆನಪಾಗುತ್ತಿತ್ತೇನೋ.

ಅವನು ಹೋದ. ಮಧ್ಯಾಹ್ನ ಮರಣಪತ್ರ ಬಂತು ಮೇಜಿಗೆ.
ಮರಣದ ಬಗೆ ಎಂಬ ಕಾಲಮ್ಮಿನಲ್ಲಿ
ವೈದ್ಯರು ಬರೆದದ್ದು ಒಂದೇ ಪದ: ಕೊಲೆ.
ಹಾಗೆಯೇ ಬರೆಯುವುದಂತೆ, ಬೇರೆ ಪದ ಇಲ್ಲವಂತೆ.
ಅವನ ಹಳೆಯ ಕಡತದಲ್ಲಿ ಮಾರಿಸೆಲಾಳದೂ ಇತ್ತು,
ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.
ನನಗೆ ಕಾನೂನು ಬಾರದು, ಕಾಗುಣಿತ ಬರುತ್ತದೆ.
ಎರಡಕ್ಕೂ ಅದೇ ಕಾಗುಣಿತ.

ಈಗ ನಿವೃತ್ತಿ. ಬೆರಳಿಗೆ ಸಂಧಿವಾತ.
ಮೊಮ್ಮಗ ತೊದಲುವುದು ಬಿಟ್ಟಿಲ್ಲ,
ಮ ಎಂದು ಶುರು ಮಾಡಿ ಅಲ್ಲೇ ಸಿಕ್ಕಿಕೊಳ್ಳುತ್ತಾನೆ,
ಅವನಪ್ಪ ಮುಂದಿನದನ್ನು ತಾನೇ ಹೇಳಿಕೊಡಲು ಹೋದರೆ
ಸುಮ್ಮನಿರೋ ಎಂದು ಗದರುತ್ತೇನೆ,
ಅವನಿಗೆ ಎಷ್ಟು ಹೊತ್ತು ಬೇಕೋ