ಕೆಳಮುಖದ ಬಾಣ

ಸದರ್ಲ್ಯಾಂಡಿನ ಗುಡ್ಡಕ್ಕೆ ಜುಲೈ ಚಳಿ,
ಗುಮ್ಮಟದ ಬಾಗಿಲಿಗೆ ಹಿಮ ಕಚ್ಚಿದೆ.
ನೊಂಬೂಲೆಲೊ ಪಟ್ಟಿ ನೋಡುತ್ತಾಳೆ:
ಹುಡುಕಿದ್ದು ಮುನ್ನೂರ ಹನ್ನೆರಡು ನಕ್ಷತ್ರ,
ನಲವತ್ತೊಂದು ಕಾಣಲೇ ಇಲ್ಲ.

ಅಳಿಸಿಬಿಡು, ಅಂದಿದ್ದ ಜೊತೆಯವನು,
ಇಲ್ಲವೇ ಸೊನ್ನೆ ಬರೆ.

ಸಂಜೆ ಬೇಲಿಯ ಬಳಿ ಫ್ಲೋರಿಸ್
ಮಂಜಿನಲ್ಲಿ ಕುರಿ ಎಣಿಸುತ್ತಿದ್ದ.
ಎಷ್ಟು? ಅಂದಳು.
"ಕಂಡದ್ದು ಅರವತ್ತು.
ಉಳಿದವು ಕೆಮ್ಮುತ್ತಿವೆ, ಕೇಳು."

ನಕ್ಷತ್ರ ಕೆಮ್ಮುವುದಿಲ್ಲ.
ಆದರೂ ಅವಳು ಅಳಿಸಲಿಲ್ಲ, ಸೊನ್ನೆಯನ್ನೂ ಇಡಲಿಲ್ಲ;
ಒಂದೊಂದರ ಜಾಗದಲ್ಲೂ ಕೆಳಮುಖದ ಬಾಣ:
ಇದಕ್ಕಿಂತ ಮಸುಕು,
ಎಷ್ಟೆಂದು ಗೊತ್ತಿಲ್ಲ.

ಸರಾಸರಿ ಜಾರಿತು
ನಲವತ್ತೊಂದು ಕತ್ತಲೆಗಳ ಭಾರಕ್ಕೆ,
ತಕ್ಕಡಿ ತಗ್ಗುವ ಹಾಗೆ.

ಬೆಳಗ್ಗೆ ಮಂಜು ಹರಿದಾಗ
ಫ್ಲೋರಿಸ್‌ನ ಲೆಕ್ಕ ಎಪ್ಪತ್ತಮೂರು.
ಅದರಲ್ಲೊಂದು ಅವನದಲ್ಲ.