ನಾನೂರು ಕಡುಬಿನ ಲೆಕ್ಕ

ಸೈಮಿ ಕಾಗದ ತಂದು ನನ್ನ ಮೇಜಿನ ಮೇಲಿಟ್ಟಳು.
ಜೂನ್ ತಿಂಗಳು, ಕಿಟಕಿಯ ಜಾಲರಿಗೆ ಕರಿನೊಣ ಮುತ್ತಿತ್ತು.
ಕೂರು ಅಂದರೆ ಕೂರಲಿಲ್ಲ.

ಮೊದಲ ಸಾಲಿನಲ್ಲಿ ಅಭಿನಂದನೆ.
ಎರಡನೆಯದರಲ್ಲಿ ನಮ್ಮ ಸಂಘದ ಹೆಸರು, ಒಂದಕ್ಷರ ತಪ್ಪು.
ಮೂರನೆಯದರಲ್ಲಿ 'ಹೊಂದಾಣಿಕೆ' ಎಂಬ ಮೆತ್ತನೆಯ ಮಾತು,
ಅದರ ಕೆಳಗೆ
ಕಾಲೇಜಿನ ಅನುದಾನ, ಹದಿನೆಂಟು ಸಾವಿರ ಇದ್ದದ್ದು ಹದಿನಾರು.
ನಮ್ಮದು ಎರಡು.
ಒಟ್ಟು ಹದಿನೆಂಟು.

"ಹಾಗಾದರೆ ನೀವು ಕೊಟ್ಟದ್ದು ಎಲ್ಲಿ ಹೋಯಿತು, ಮಿಸೆಸ್ ಹೈಕಿಲಾ?"

ಇಪ್ಪತ್ತೆರಡು ವರ್ಷದಿಂದ ಖಜಾಂಚಿ ನಾನು.
ಒಂದು ಸೆಂಟು ತಪ್ಪಿಲ್ಲ. ಉತ್ತರ ಮಾತ್ರ ಗೊತ್ತಿರಲಿಲ್ಲ.

ಎಲ್ಲಿಂದ ಬಂತು ಅಂದರೆ ಹೇಳಬಲ್ಲೆ.
ಅಗ್ನಿಶಾಮಕ ಠಾಣೆಯ ಹಿಂದಿನ ಅಡುಗೆಮನೆಯಿಂದ,
ಬಾಗಿಲು ನಿಲ್ಲದ, ಚಮಚ ಸಿಕ್ಕಿಸಿ ಮುಚ್ಚುವ ಒಲೆಯಿಂದ.
ಬುಧವಾರ ಬೆಳಗಿನ ಜಾವ ನಾಲ್ಕು ಜನ,
ಗೋಮಾಂಸ, ಆಲೂಗಡ್ಡೆ, ಹಳದಿ ಟರ್ನಿಪ್,
ಅಜ್ಜಂದಿರು ತಾಮ್ರದ ಗಣಿಗೆ ಕಟ್ಟಿಕೊಂಡು ಇಳಿಯುತ್ತಿದ್ದ ಅದೇ ಅರೆಚಂದ್ರ ಕಡುಬು.
ಖರ್ಚು ಕಳೆದು ಒಂದಕ್ಕೆ ಐದು ಡಾಲರ್.
ಎಲ್ಮಿಯ ಬೆರಳ ಗೆಣ್ಣು ಬೇರಿನಂತೆ ಸೊಟ್ಟ,
ಆದರೂ ಅಂಚು ಮಡಿಚುವುದು ಅವಳೇ.
ನಾನೂರಾದರೆ ಒಬ್ಬರಿಗೆ ರೈನೋ ಹೆಸರಿನ ವಿದ್ಯಾರ್ಥಿವೇತನ.
ರೈನೋ ಅವಳ ಮಗ,
ಮಾರ್ಚಿನ ತೆಳು ಹಿಮದ ಮೇಲೆ ಯಾರನ್ನೋ ಎಳೆಯಲು ಹೋದವನು.

ಕಾಲೇಜಿಗೆ ಫೋನು ಮಾಡಿದೆ.
ಪೆಟಿಗ್ರೂ ಅಂತ ಒಬ್ಬ, ಎಳೆಯ ದನಿ, ಬಹಳ ಮರ್ಯಾದೆ.
"ಅಗತ್ಯ ಅನ್ನುವುದು ಒಂದು ಲೋಟ, ಮೇಡಂ.
ನೀವು ಹೊಯ್ದಷ್ಟು ನಾವು ತೆಗೆಯಬೇಕು, ಇಲ್ಲವೆ ತುಳುಕುತ್ತದೆ.
ತೆಗೆದದ್ದು ಇನ್ನೊಂದು ಮಗುವಿನ ಲೋಟಕ್ಕೆ."
ಇರಬಹುದು. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ.
"ಆದರೆ ಈ ಲೋಟದ ತಳದಲ್ಲಿ ಐದೂವರೆ ಸಾವಿರ ಸಾಲ ಇದೆಯಲ್ಲಪ್ಪ,
ವಾರಕ್ಕೆ ಹನ್ನೆರಡು ತಾಸು ತಟ್ಟೆ ತೊಳೆಯುವುದಿದೆ,
ಚೆಲ್ಲುವುದಾದರೆ ಅದನ್ನೇ ಮೊದಲು ಯಾಕೆ ಚೆಲ್ಲಬಾರದು?"

ಕೀಲಿಮಣೆಯ ಸದ್ದು ನಿಂತಿತು.
"ಕೆಲವು ಕಡೆ ಹಾಗೂ ಮಾಡುತ್ತಾರೆ. ನಮ್ಮ ನೀತಿ ಅದಲ್ಲ."
ಆಮೇಲೆ ದನಿ ತಗ್ಗಿಸಿ,
"ಮುಂದಿನ ವರ್ಷ ಕಾಗದದಲ್ಲೇ ಬರೆದುಬಿಡಿ,
ಸಾಲದ ಬದಲಿಗೆ ಮಾತ್ರ, ಅಂತ. ಕೇಳಿದರೂ ಕೇಳಬಹುದು.
ನನಗೂ ನಮ್ಮ ಚರ್ಚಿನವರು ಒಮ್ಮೆ..."
ಅಷ್ಟಕ್ಕೇ ಬಿಟ್ಟ. ಇಟ್ಟ.

ಸರೋವರದ ದಡದಲ್ಲಿ ನಿಂತು
ಬಾಯಾರಿದವಳಿಗೆಂದು ಹೊತ್ತು ತಂದ ಎರಡು ಕೊಡ
ಸರೋವರಕ್ಕೇ ಸುರಿದು ಬಂದೆವೆ?

ಆ ರಾತ್ರಿ ಬಿಸ್ಕತ್ತಿನ ಡಬ್ಬಿ ತೆಗೆದೆ.
ಸೈಮಿಗಿಂತ ಮುಂಚಿನ ಇಪ್ಪತ್ತೊಂದು ಮಕ್ಕಳ ಕೃತಜ್ಞತೆ.
ಬರೆಯಲೇಬೇಕು ಅನ್ನುವುದು ನಮ್ಮದೇ ನಿಯಮ.
'ನಿಮ್ಮ ನೆರವಿಲ್ಲದಿದ್ದರೆ', 'ಎಂದೂ ಮರೆಯಲಾರೆ',
ನೀಲಿ ಶಾಯಿ, ಒಂದೆರಡರಲ್ಲಿ ನಗುವ ಮುಖ.
ಆರ್ವೋ ಎಂಬ ಹುಡುಗ ಬರೆದಿದ್ದ,
'ತುಂಬಾ ಉಪಯೋಗವಾಯಿತು.'
'ತುಂಬಾ' ಕೆಳಗೆ ಎರಡು ಗೆರೆ.
ಅಂದು ಆ ಗೆರೆ ನೋಡಿ ಹಿಗ್ಗಿ
ಎಲ್ಮಿಗೆ ಓದಿ ಹೇಳಿದ್ದೆ.

ಇವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?
ಎಷ್ಟು ಜನ ನಮ್ಮ ಹಿಟ್ಟಿನ ಕೈ ನೆನೆದು
ಸುಮ್ಮನಾದರು?

ಬುಧವಾರ. ನಾಲ್ಕೂವರೆ.
ಎಲ್ಮಿ ಅಂಚು ಮಡಿಚುತ್ತಿದ್ದಾಳೆ.
"ಆ ಹುಡುಗಿ ಕಾಗದ ಬರೆದಳೇನೆ?"

ಟರ್ನಿಪ್ಪಿನ ಸಿಪ್ಪೆ ದಪ್ಪ, ಚಾಕು ಮೊಂಡು.
ಇನ್ನೂ ಬರೆದಿಲ್ಲ, ಅಂದೆ.